ಕೋರ್ಟಿಗೆ ಹೋಗುವ ಮೊದಲು ಮಾಡಿನ ಫೋಟೋ ತೆಗೆಯಿರಿ

ನಮಸ್ಕಾರ. ಮಡಿಕೇರಿ ಕೋಟೆಗೆ ಹೋದವರೆಲ್ಲ ಆ ಎರಡು ಗಾರೆ ಆನೆಗಳ ಮುಂದೆ ನಿಂತು ಫೋಟೋ ತೆಗೆಸಿಕೊಂಡೇ ಬರುತ್ತೀರಿ, ಅಲ್ವಾ? ಮುಂದಿನ ಸಲ ಮೊಬೈಲನ್ನು ಸ್ವಲ್ಪ ಮೇಲೆತ್ತಿ ಅರಮನೆಯ ಮಾಡನ್ನೂ, ಅಂದರೆ ಹೆಂಚಿನ ಛಾವಣಿಯನ್ನೂ, ತೆಗೆಯಿರಿ.

ಕೊಡಗಿನ ರಾಜ ಲಿಂಗರಾಜೇಂದ್ರ 1812ರಿಂದ 1814ರೊಳಗೆ ಹೊಸದಾಗಿ ಎತ್ತಿಸಿದ ಅರಮನೆ ಅದು. 1834ರಲ್ಲಿ ರಾಜರ ಆಳ್ವಿಕೆ ಹೋಯಿತು, ಬ್ರಿಟಿಷರು ಬಂದರು, ಆಮೇಲೆ ನಮ್ಮ ಸರ್ಕಾರಿ ಕಚೇರಿಗಳು ಬಂದವು. ದರ್ಬಾರು ಹೋಗಿ ಫೈಲು, ಬೀರು, ವೈರು! ಕಟ್ಟಡ ಹಾಳಾಗುತ್ತಿದೆ ಅಂತ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೈಕೋರ್ಟಿಗೆ ಹೋದ ಮೇಲೆಯೇ ದುರಸ್ತಿ ಕೆಲಸಕ್ಕೆ ಚುರುಕು ಬಂದದ್ದು.

ಈ ಅರ್ಜಿ ಹಾಕಲು ಆ ಜಾಗ ನಿಮ್ಮದಾಗಿರಬೇಕಿಲ್ಲ. ಸಂವಿಧಾನದ 226ನೇ ವಿಧಿಯಲ್ಲಿ ಯಾರು ಬೇಕಾದರೂ ಹೈಕೋರ್ಟಿಗೆ ಹೋಗಬಹುದು, ಆದರೆ ಸ್ವಂತ ಲಾಭ, ಹಳೇ ದ್ವೇಷ ಇರಬಾರದು. ಇಲಾಖೆಗೆ ಮೊದಲು ಬರೆದಿದ್ದೀರಾ ಅಂತ ಅಲ್ಲಿ ಕೇಳುತ್ತಾರೆ. ಪೇಪರ್ ಕಟಿಂಗ್ ಹಿಡಿದುಕೊಂಡು ಸುಮ್ನೆ ಬಸ್ಸು ಹತ್ತಿ ಬೆಂಗಳೂರಿಗೆ ಹೋದರೆ ಬರಿಗೈಲಿ ವಾಪಸ್. ಅದಕ್ಕೇ ತಾರೀಕು ಇರುವ ಫೋಟೋ ಬೇಕು, ನೀವು ಕೊಟ್ಟ ಮನವಿಗೆ ಸ್ವೀಕೃತಿ ಸೀಲು ಬೇಕು. ಮಾಹಿತಿ ಹಕ್ಕಿನಲ್ಲಿ ಒಂದು ಪ್ರಶ್ನೆಯನ್ನೂ ಕೇಳಿ: ಈ ಕಟ್ಟಡ ಕೇಂದ್ರದ ಸಂರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿದೆಯಾ, ರಾಜ್ಯದ್ದರಲ್ಲಿದೆಯಾ? ಕೇಂದ್ರದ್ದಾದರೆ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆ ಇನ್ನೂ 200 ಮೀಟರಿನಲ್ಲಿ ಕಟ್ಟಬೇಕಾದರೆ ಅನುಮತಿ ಬೇಕು. ನಿಮ್ಮ ಪ್ರಶ್ನೆಗೆ ಉತ್ತರ 30 ದಿನದಲ್ಲಿ ಬರಬೇಕು.

ತಾಜ್ ಮಹಲಿನ ಕಲ್ಲು ಹೊಗೆಗೆ ಹಳದಿಯಾಗುತ್ತಿದೆ ಅಂತ ವಕೀಲ ಎಂ.ಸಿ. ಮೆಹ್ತಾ ಸುಪ್ರೀಂ ಕೋರ್ಟಿಗೆ ಹೋದದ್ದು 1984ರಲ್ಲಿ. ಕಾರ್ಖಾನೆಗಳು ಕಲ್ಲಿದ್ದಲು ಬಿಟ್ಟು ಗ್ಯಾಸಿಗೆ ಬರಬೇಕು, ಇಲ್ಲವೇ ಜಾಗ ಬಿಡಬೇಕು ಅಂತ ತೀರ್ಪು ಬಂದದ್ದು 1996ರ ಕೊನೆಗೆ. ಅಮೃತಶಿಲೆ ಹನ್ನೆರಡು ವರ್ಷ ಕಾಯಿತು. ನಮ್ಮ ಹೆಂಚಿನ ಮಾಡು ಕಾಯುತ್ತಾ? ಒಂದು ಹೆಂಚು ಜಾರಿದರೆ ಸಾಕು, ಒಂದೇ ಕಕ್ಕಡದ (ಜುಲೈ-ಆಗಸ್ಟಿನ ಕೊಡವ ತಿಂಗಳು) ಮಳೆಗೆ ಹೆಂಚು ಹೊರುವ ಮರದ ಪಕಾಸು ಕೊಳೆತು ಕುಂಬಾಗಿ, ಗೋಡೆ ಉಬ್ಬಿ, ಗಾರೆ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಹಾಗಾಗಿ ಪೂರ್ತಿ ದುರಸ್ತಿ ಕೇಳುವಾಗಲೇ, ಮಳೆಗೆ ಮುಂಚೆ ಮಾಡು ಮುಚ್ಚಿಸಿ ಅಂತ ಮಧ್ಯಂತರ ಆದೇಶವನ್ನೂ, ಅಂದರೆ ಕೊನೆಯ ತೀರ್ಪಿಗೆ ಮೊದಲೇ ಕೊಡುವ ಆದೇಶವನ್ನೂ, ಕೇಳಬೇಕು ಅನ್ನೋದು ನನ್ನ ಮಾತು.

ಕೊಡವ ಕುಟುಂಬಗಳ ಮೂಲ ಮನೆಗಳಾದ ಐನ್‌ಮನೆಗಳ ಬಗ್ಗೆ ಜಾಸ್ತಿ ಜನ ಕೇಳುತ್ತಾರೆ. ಅವು ಒಕ್ಕದ, ಅಂದರೆ ಇಡೀ ಕುಲದ, ಆಸ್ತಿ, ಸಾಮಾನ್ಯವಾಗಿ ಈ ಪಟ್ಟಿಗಳಲ್ಲಿ ಇರುವುದಿಲ್ಲ. ಅಲ್ಲಿಗೆ ಈ ಅರ್ಜಿ ಹೆಚ್ಚು ಕೆಲಸಕ್ಕೆ ಬಾರದು. ಸುಗ್ಗಿ ಹಬ್ಬ ಪುತ್ತರಿಗೆ ಎಲ್ಲರೂ ಸೇರುತ್ತೀರಲ್ಲ, ಊಟಕ್ಕೆ ಮೊದಲು ಒಂದು ಏಣಿ ತಂದು ಮಾಡು ಹತ್ತಿ ನೋಡಿ.