ಅಘನಾಶಿನಿಯ ಅಳಿವೆಯಲ್ಲಿ ನೀರಿಳಿದ ಹೊತ್ತು

ಕೇಳುಗರಿಗೆ ನಮಸ್ಕಾರ.

ಕುಮಟೆಯಿಂದ ಗೋಕರ್ಣಕ್ಕೆ ಹೊರಟವರು ಹೆದ್ದಾರಿ ಹಿಡಿದು, ಮಿರ್ಜಾನ್, ಹಿರೇಗುತ್ತಿ ದಾಟಿ, ಮಾದನಗೇರಿಯಲ್ಲಿ ಎಡಕ್ಕೆ ತಿರುಗಿ ಹೋಗಿಬಿಡುತ್ತಾರೆ. ನಡುವೆ ಒಂದು ಸೇತುವೆ ಸಿಗುತ್ತದೆ. ಕಾರಿನಲ್ಲಿದ್ದವರಿಗೆ ಅದು ಅರ್ಧ ನಿಮಿಷದ ನೀರು. ಆ ಅರ್ಧ ನಿಮಿಷದ ನೀರಿನ ಹತ್ತಿರ ನಿಮ್ಮನ್ನು ಇವತ್ತು ಕರೆದುಕೊಂಡು ಹೋಗಬೇಕು ಎಂದು ನನ್ನ ಆಸೆ.

ಹೆದ್ದಾರಿ ಬಿಟ್ಟುಬಿಡಿ. ಕುಮಟೆಯಿಂದ ಬಾಡ, ಕಾಗಾಲದ ಮೇಲೆ ಹೋದರೆ ರಸ್ತೆ ಮುಗಿಯುವಲ್ಲಿ ಅಘನಾಶಿನಿ ಎನ್ನುವ ಊರೇ ಇದೆ. ಹೊಳೆಯ ಹೆಸರೇ ಊರಿಗೆ. ಎದುರು ದಡದಲ್ಲಿ ತದಡಿ ಬಂದರು, ಸಾಲಾಗಿ ನಿಂತ ಬೋಟುಗಳು, ಬಣ್ಣಬಣ್ಣದ ಬಾವುಟಗಳು. ಶಿರಸಿ ಸೀಮೆಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಕೆಳಗೆ ಧುಮುಕಿ, ಕಾಡು ಕಣಿವೆಗಳಲ್ಲಿ ಇಳಿದು ಬಂದ ಹೊಳೆ ಈ ಎರಡು ಊರುಗಳ ನಡುವೆ ಸಮುದ್ರ ಸೇರುತ್ತದೆ. ಸೇರುವ ಮೊದಲು ಒಳಗೆ ದೊಡ್ಡ ಕೆರೆಯಂತೆ ಹರಡಿಕೊಳ್ಳುತ್ತದೆ. ಹೆಗಡೆ, ಮಾಣಿಕಟ್ಟಾ, ಮಾಸೂರು, ಕಿಮಾನಿ, ನಡುಗಡ್ಡೆಯಾದ ಐಗಳಕುರ್ವೆ, ಎಲ್ಲವೂ ಆ ನೀರಿನ ಅಂಚಿನ ಊರುಗಳು.

ನಾನು ಹೊಸದಾಗಿ ಶಾಲೆಯ ಕೆಲಸಕ್ಕೆ ಸೇರಿದಾಗ ಈ ಹೊಳೆಯನ್ನು ದಾಟಿಯೇ ಹೋಗಬೇಕಿತ್ತು. ಮೊದಲ ವಾರವೇ ಒಂದು ದಿನ ದೋಣಿ ನಡುನೀರಿನಲ್ಲಿ ಕೆಸರಿನ ದಿಬ್ಬಕ್ಕೆ ಕೂತುಬಿಟ್ಟಿತು. ಗಡಿಯಾರ ನೋಡುತ್ತ ನಾನು ಚಡಪಡಿಸುತ್ತಿದ್ದೆ. ದೋಣಿಯವರು ಜಲ್ಲೆಯನ್ನು ಅಡ್ಡ ಇಟ್ಟು, ಕವಳ ಹಾಕಿಕೊಂಡು, "ತಡೀರಿ ಅಕ್ಕೋರೆ, ನೀರು ಬಂದ್ಮೇಲೆ ಹೋಗ್ವ" ಅಂದರು. ನೀರು ಬಂತು. ನಾವು ಹೋದೆವು. ಆಮೇಲೆ ತಿಳಿಯಿತು, ಇಲ್ಲಿ ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ, ಅದೂ ದಿನದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಸರಿಯುತ್ತ ಹೋಗುತ್ತದೆ. ಅದಕ್ಕೇ ಇಲ್ಲಿಯವರು ಗಂಟೆ ಲೆಕ್ಕ ಹಿಡಿಯುವುದಿಲ್ಲ, ತಿಥಿ ಹಿಡಿಯುತ್ತಾರೆ. ಹುಣ್ಣಿಮೆ, ಅಮಾವಾಸ್ಯೆಯಲ್ಲಿ ನೀರು ಜೋರು. ಅಷ್ಟಮಿಯ ಹೊತ್ತಿಗೆ ಸೊರಗುತ್ತದೆ.

ಆವತ್ತು ದೋಣಿ ಕೂತ ಜಾಗದಿಂದಲೇ ನಾನು ಮೊದಲ ಸಲ ಬಳಚು, ಅಂದರೆ ಕೆಸರಿನೊಳಗಿನ ಚಿಪ್ಪುಮೀನು, ಆರಿಸುವವರನ್ನು ಕಂಡದ್ದು. ನೀರು ಇಳಿದಂತೆ ಹೊಳೆಯ ಮಧ್ಯೆ ಕಪ್ಪು ನೆಲ ಮೇಲೆದ್ದು ಬಂತು. ಎಲ್ಲಿಂದಲೋ ಹೆಂಗಸರು, ಗಂಡಸರು ಬಂದರು. ಸೀರೆಯನ್ನು ಮೊಣಕಾಲಿನ ಮೇಲೆ ಎತ್ತಿ ಕಟ್ಟಿಕೊಂಡ ಒಬ್ಬ ತಾಯಿ ಕೆಸರಿಗೆ ಕೈ ಹಾಕಿ, ಕಣ್ಣಿನಿಂದ ನೋಡದೆ ಬೆರಳಿನಿಂದಲೇ ಹುಡುಕುತ್ತಿದ್ದರು. ಕೈ ಹೊರಬಂದಾಗ ಅಂಗೈ ತುಂಬ ಚಿಪ್ಪು. ಒಂದು ಬುಟ್ಟಿಯನ್ನು ಸೊಂಟಕ್ಕೆ ಕಟ್ಟಿದ ಹಗ್ಗದಲ್ಲಿ ಎಳೆದುಕೊಂಡು ಹೋಗುತ್ತಿದ್ದರು. ಇದಕ್ಕೆ ಬೋಟು ಬೇಡ, ಬಲೆ ಬೇಡ, ಡೀಸೆಲ್ ಬೇಡ, ಸಾಲ ಬೇಡ. ಕೈಯಲ್ಲಿ ಏನೂ ಇಲ್ಲದ ಮನೆಯವರೂ ಇಳಿತದ ಹೊತ್ತಿಗೆ ಹೊಳೆಗೆ ಇಳಿದರೆ ಸಂಜೆಯ ಸಾರಿಗೂ ಆಯಿತು, ಪೇಟೆಗೆ ಹೊರಲಿಕ್ಕೂ ಆಯಿತು. ಸಾವಿರಾರು ಮನೆಗಳು ಹೀಗೆ ನಡೆಯುತ್ತವೆ. ತಿಂದು ಉಳಿದ ಚಿಪ್ಪು ಸುಟ್ಟರೆ ಸುಣ್ಣ.

ಈ ಬಳಚು ಎಲ್ಲ ಹೊಳೆಯಲ್ಲೂ ಇರುತ್ತದಲ್ಲ ಎಂದು ನೀವು ಕೇಳಬಹುದು. ಪಕ್ಕದ ಶರಾವತಿಯ ಅಳಿವೆಯಲ್ಲೂ ಇತ್ತು. ಮೇಲೆ ಲಿಂಗನಮಕ್ಕಿ ಆಣೆಕಟ್ಟಾಯಿತು, ವಿದ್ಯುತ್ತಿಗಾಗಿ ಬಿಟ್ಟ ಸಿಹಿನೀರು ಬೇಸಗೆಯಲ್ಲೂ ಕೆಳಗೆ ಹರಿಯತೊಡಗಿತು. ಅಳಿವೆಯ ನೀರಿನ ಉಪ್ಪು ಸಪ್ಪೆಯಾಯಿತು. ಬಳಚಿಗೆ ಉಪ್ಪು ಬೇಕು, ಮಳೆಗಾಲದ ಸಿಹಿನೀರೂ ಬೇಕು, ಒಂದಾದ ಮೇಲೆ ಒಂದು ಬರಬೇಕು. ಅಘನಾಶಿನಿಗೆ ಅಡ್ಡಲಾಗಿ ದೊಡ್ಡ ಆಣೆಕಟ್ಟು ಒಂದೂ ಇಲ್ಲ. ಆದ್ದರಿಂದಲೇ ಇಲ್ಲಿ ಆ ಸರದಿ ಇನ್ನೂ ತಪ್ಪಿಲ್ಲ.

ಈ ಸರದಿಯ ಮಾತು ಪೂರ್ತಿ ಅರ್ಥವಾಗಬೇಕಾದರೆ ಗಜನಿ ನೋಡಬೇಕು. ಹೊಳೆಯ ಅಂಚಿನ ಉಪ್ಪುನೀರಿನ ಗದ್ದೆಗೆ ಗಜನಿ ಎನ್ನುತ್ತಾರೆ. ಮಾಣಿಕಟ್ಟಾದ ಒಡ್ಡಿನ ಮೇಲೆ ನಿಂತರೆ ಒಂದು ಕಡೆ ಹೊಳೆ, ಇನ್ನೊಂದು ಕಡೆ ಗಜನಿ, ನಡುವೆ ಹಲಗೆ ಇಳಿಸಿದ ತೂಬು. ಮಳೆ ಹಿಡಿದು ನೆಲದ ಉಪ್ಪು ತೊಳೆದುಹೋಗುತ್ತಿದ್ದಂತೆ ಅಲ್ಲಿ ಕಗ್ಗ ಬಿತ್ತುತ್ತಾರೆ. ಕಗ್ಗ ಎಂದರೆ ಈ ನೆಲದ್ದೇ ಭತ್ತ. ಆಳೆತ್ತರಕ್ಕೆ ಹತ್ತಿರ ಹತ್ತಿರ ಬೆಳೆಯುತ್ತದೆ, ನೆರೆ ಬಂದು ಕೆಲವು ದಿನ ಮುಳುಗಿದರೂ ಸಾಯುವುದಿಲ್ಲ, ಉಪ್ಪು ತಾಗಿದರೂ ತಡೆದುಕೊಳ್ಳುತ್ತದೆ. ಗೊಬ್ಬರ ಹಾಕುವವರಿಲ್ಲ, ಔಷಧಿ ಹೊಡೆಯುವವರಿಲ್ಲ. ಕೊಯ್ಲಿಗೆ ಬಂದಾಗ ತೆನೆಯನ್ನು ಮಾತ್ರ ಕೊಯ್ಯುತ್ತಾರೆ, ಹುಲ್ಲು ನೀರಿನಲ್ಲೇ ಉಳಿಯುತ್ತದೆ.

ಹುಲ್ಲು ಉಳಿಸುವುದು ಸೋಮಾರಿತನ ಎಂದು ನಾನು ಮೊದಲು ಅಂದುಕೊಂಡಿದ್ದೆ. ಅಲ್ಲವೇ ಅಲ್ಲ. ಕೊಯ್ಲು ಮುಗಿದ ಮೇಲೆ ತೂಬಿನ ಹಲಗೆ ಎತ್ತುತ್ತಾರೆ. ಭರತದ ನೀರಿನ ಜೊತೆ ಶೆಟ್ಲಿಯ, ಅಂದರೆ ಸಿಗಡಿಯ ಮರಿ, ಮೀನುಮರಿ ಒಳಗೆ ಬರುತ್ತವೆ. ಕೊಳೆಯುವ ಆ ಹುಲ್ಲಿನ ನಡುವೆ ಅವಕ್ಕೆ ಮೇವು, ಅಡಗಲು ಜಾಗ. ಚಳಿಗಾಲದಲ್ಲಿ ಬಾತುಗಳು, ಕೊಕ್ಕರೆಗಳು ಇಳಿಯುತ್ತವೆ. ಅವುಗಳ ಹಿಕ್ಕೆಯೂ ಗದ್ದೆಗೆ ಬೀಳುತ್ತದೆ. ಇಳಿತದ ಹೊತ್ತಿಗೆ ತೂಬಿನ ಬಾಯಿಗೆ ಬಲೆ ಕಟ್ಟಿದರೆ ದೊಡ್ಡದಾದ ಮೀನು ತಾನಾಗಿ ಬಲೆಗೆ ಬರುತ್ತದೆ. ಮತ್ತೆ ಮಳೆ ಬಂದಾಗ ಅದೇ ನೆಲದಲ್ಲಿ ಕಗ್ಗ. ಗದ್ದೆ ಯಾವುದು, ಕೆರೆ ಯಾವುದು ಎಂದು ಅಲ್ಲಿ ಕೇಳುವ ಹಾಗೇ ಇಲ್ಲ.

ಈ ಜೋಡಣೆ ಈಗ ಸಡಿಲವಾಗಿದೆ, ಅದನ್ನು ಹೇಳದೆ ನಾನು ಮುಂದೆ ಹೋಗಲಾರೆ. ಶೆಟ್ಲಿಗೆ ಒಳ್ಳೆಯ ರೇಟು ಬಂದ ಮೇಲೆ ಹಲವು ಕಡೆ ಕಗ್ಗ ಬಿಟ್ಟು ವರ್ಷವಿಡೀ ಉಪ್ಪುನೀರು ನಿಲ್ಲಿಸಿದರು. ಆಮೇಲೆ ಶೆಟ್ಲಿಗೆ ರೋಗ ಬಂತು. ಒಡ್ಡು ಒಡೆಯಿತು. ಮೊದಲು ಊರಿನವರೆಲ್ಲ ಸೇರಿ ಮಣ್ಣು ಹೊತ್ತು ಒಡ್ಡು ಕಟ್ಟುತ್ತಿದ್ದರು. ಆ ರೂಢಿ ತಪ್ಪಿದ ಮೇಲೆ ಒಡೆದ ಒಡ್ಡಿನ ಮುಂದೆ ಪ್ರತಿಯೊಬ್ಬರೂ ಒಂಟಿಯಾಗಿ ನಿಲ್ಲುವ ಹಾಗಾಯಿತು. ಆದರೂ ಮಾಣಿಕಟ್ಟಾದ ಕಡೆ ಕೆಲವರು ಕಗ್ಗದ ಬೀಜವನ್ನು ಕೈಬಿಟ್ಟಿಲ್ಲ. ಅವರ ಮನೆಯಲ್ಲಿ ಕೆಂಪು ಅಕ್ಕಿಯ ಗಂಜಿ, ಜೊತೆಗೆ ಬಳಚಿನ ಸುಕ್ಕ ಉಂಡಿದ್ದೇನೆ. ಗಂಜಿ ಹೊಟ್ಟೆಯಲ್ಲಿ ಮಧ್ಯಾಹ್ನದವರೆಗೂ ನಿಲ್ಲುತ್ತದೆ.

ಇನ್ನು ತದಡಿ. ಬೆಳಗಿನ ಜಾವ ಬೋಟು ಬರುವ ಹೊತ್ತಿಗೇ ಅಲ್ಲಿರಬೇಕು. ಬಂಗಡೆ, ತಾರ್ಲೆ ಬುಟ್ಟಿಗಟ್ಟಲೆ ಇಳಿಯುತ್ತದೆ, ಐಸಿನ ಪುಡಿ ಹಾರುತ್ತದೆ, ಹರಾಜಿನ ಕೂಗು ಏಳುತ್ತದೆ. ಕೂಗಿನ ನಡುವೆಯೇ ಮೀನು ಮಾರುವ ಹೆಂಗಸರು ಕಣ್ಣಿನ ಸನ್ನೆಯಲ್ಲೇ ವ್ಯಾಪಾರ ಮುಗಿಸಿ, ಬುಟ್ಟಿ ಹೊತ್ತು ಟೆಂಪೋ ಹತ್ತಿರುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ಬೋಟುಗಳಿಗೆ ಕಡಲು ಬಂದ್. ಮೀನು ಮೊಟ್ಟೆ ಇಡುವ ಕಾಲ ಅದು. ಆ 61 ದಿನ ಬಂದರು ಮೌನವಾಗಿರುತ್ತದೆ, ಬಲೆ ಹೊಲಿಯುವವರು ಮಾತ್ರ ಕೂತಿರುತ್ತಾರೆ. ಆಗ ಊರಿನ ಹೊಟ್ಟೆ ತುಂಬಿಸುವುದು ಒಳಗಿನ ಹೊಳೆ, ಪಾತಿದೋಣಿ, ಬೀಸುಬಲೆ.

ಇದೇ ತದಡಿಯಲ್ಲಿ 4,000 ಮೆಗಾವಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಕಟ್ಟುವ ಯೋಜನೆ ಬಂದಿತ್ತು. ಮೀನುಗಾರರು, ರೈತರು, ಪರಿಸರ ಬಲ್ಲವರು ಒಟ್ಟಾಗಿ ವಿರೋಧಿಸಿದರು, ಯೋಜನೆ ನಿಂತಿತು. 2024ರ ಜನವರಿಯಲ್ಲಿ ಈ ಅಳಿವೆ ರಾಮ್ಸಾರ್ ತಾಣಗಳ ಪಟ್ಟಿ ಸೇರಿತು, ಅಂದರೆ ಜಗತ್ತೇ ಕಾಪಾಡಬೇಕಾದ ಜೌಗುಭೂಮಿಗಳಲ್ಲಿ ಇದೂ ಒಂದು ಎಂದಾಯಿತು. ಆ ಸುದ್ದಿ ಓದಿದ ದಿನ ನನಗೆ ನೆನಪಾದದ್ದು ಸೊಂಟಕ್ಕೆ ಬುಟ್ಟಿ ಕಟ್ಟಿಕೊಂಡಿದ್ದ ಆ ತಾಯಿ.

ತದಡಿಯಿಂದ ಗೋಕರ್ಣದ ದಾರಿಯಲ್ಲೇ ಸಾಣಿಕಟ್ಟಾದ ಉಪ್ಪಿನಾಗರ ಸಿಗುತ್ತದೆ. ಬೇಸಗೆಯಲ್ಲಿ ಹೋದರೆ ಬಿಳಿಯ ರಾಶಿಗಳನ್ನು ನೋಡಬಹುದು. ಹೆದ್ದಾರಿಗೆ ಮರಳಿದ ಮೇಲೆ, ಕುಮಟೆಯ ಅಂಗಡಿಗಳಲ್ಲಿ ಜಡೆ ಹೆಣೆದು ತೂಗುಹಾಕಿದ ಸಿಹಿ ಈರುಳ್ಳಿ ಕಂಡರೆ ಒಂದು ಜಡೆ ಕೊಳ್ಳದೆ ಬರಬೇಡಿ.

ಹೋಗುವವರಿಗೆ ಒಂದೆರಡು ಮಾತು. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಕಗ್ಗ ನಿಂತದ್ದನ್ನೇ ನೋಡಬೇಕಾದರೆ ಸೆಪ್ಟೆಂಬರ್‌ನಲ್ಲಿ ಕೊಡೆ ಹಿಡಿದು ಬನ್ನಿ. ಹೊರಡುವ ಮುಂಚೆ ಪಂಚಾಂಗ ತೆಗೆಯಿರಿ, ಹುಣ್ಣಿಮೆ ಅಥವಾ ಅಮಾವಾಸ್ಯೆಯ ಆಸುಪಾಸಿನ ದಿನ ನೋಡಿಕೊಳ್ಳಿ. ಇಳಿತ ಎಷ್ಟು ಹೊತ್ತಿಗೆ ಎಂದು ದೋಣಿಯವರನ್ನೇ ಕೇಳಿ. ಕೆಸರಿಗೆ ಇಳಿಯುವ ಆಸೆಯಾದರೆ ಅಲ್ಲಿಯವರ ಹಿಂದೆಯೇ ಹೆಜ್ಜೆ ಇಡಿ; ಒಡೆದ ಚಿಪ್ಪು ಕಾಲು ಕೊಯ್ಯುತ್ತದೆ. ಬಳಚನ್ನು ದಡದಲ್ಲೇ ಕೊಳ್ಳಿ, ಚೌಕಾಸಿ ಮಾಡಬೇಡಿ. ಮನೆಗೆ ಒಯ್ದ ಮೇಲೆ ಸ್ವಲ್ಪ ಹೊತ್ತು ಉಪ್ಪುನೀರಿನಲ್ಲಿಡಿ. ಅದು ಬಾಯಿ ಬಿಟ್ಟು ಒಳಗಿನ ಮರಳನ್ನು ಉಗುಳುತ್ತದೆ. ಪಾತ್ರೆಗೆ ಕಿವಿಯಿಟ್ಟರೆ ಟಿಕ್, ಟಿಕ್ ಎಂದು ಸಣ್ಣಗೆ ಕೇಳಿಸುತ್ತದೆ.

ನಮಸ್ಕಾರ.