ಇಲ್ ಜಾಂಗ್‌ನಲ್ಲಿ ಕಾಲು ನೋಡಿ

ನಮಸ್ಕಾರ. ಟೇಕ್ವಾಂಡೊ ಶುರು ಮಾಡಿದವರ ಮೊದಲ ಪೂಮ್ಸೆ ಟೇಗುಕ್ ಇಲ್ ಜಾಂಗ್. ಪೂಮ್ಸೆ ಅಂದರೆ ಒಬ್ಬರೇ ಕ್ರಮವಾಗಿ ಮಾಡೋ ಚಲನೆಗಳ ಸರಣಿ. ಇದರಲ್ಲಿ ಒಟ್ಟು 18 ಚಲನೆ. ಕೈಗೆ ಇಲ್ಲಿ ಹೆಚ್ಚು ಕೆಲಸ ಇಲ್ಲ. ಕೆಳಗೆ, ನಡುವಿಗೆ, ಮೇಲಕ್ಕೆ ಒಂದೊಂದು ಬಗೆಯ ಬ್ಲಾಕ್, ಜೊತೆಗೆ ಪಂಚ್, ಫ್ರಂಟ್ ಕಿಕ್. ಚುರುಕಾದ ಮಕ್ಕಳು ಕೆಲವೇ ಕ್ಲಾಸಲ್ಲಿ ಬಾಯಿಪಾಠ ಮಾಡಿಬಿಡ್ತಾರೆ. ಸರಿ, ಇದಾಯ್ತು, ಮುಂದಿನದು ಹೇಳಿಕೊಡಿ ಅಂತಾರೆ. ದಯವಿಟ್ಟು ಹೇಳಿಕೊಡಬೇಡಿ. ಇನ್ನೂ ಕಾಲು ಕಲಿತಿಲ್ಲ.

ಈ ಪೂಮ್ಸೆಯಲ್ಲಿ ಸ್ಟಾನ್ಸ್, ಅಂದರೆ ಕಾಲಿನ ನಿಲುವು, ಎರಡೇ: ಆಪ್ ಸೊಗಿ, ಆಪ್ ಕುಬಿ. ರಸ್ತೇಲಿ ನಡೀತಾ ಇದ್ದವರು ತಟ್ಟನೆ ನಿಂತರೆ ಹೇಗಿರುತ್ತೋ ಅದೇ ಆಪ್ ಸೊಗಿ. ಉದ್ದ ನಿಮ್ಮದೇ ಪಾದದ ಅಳತೆಯಲ್ಲಿ ಸುಮಾರು 3 ಪಾದ, ಎರಡೂ ಮಂಡಿ ನೆಟ್ಟಗೆ, ಭಾರ ಎರಡೂ ಕಾಲಿಗೆ ಸಮ. ಆಪ್ ಕುಬಿ ಅದಕ್ಕಿಂತ ಉದ್ದ, 4ರಿಂದ 4.5 ಪಾದ. ಮುಂದಿನ ಮಂಡಿ ಬಾಗಬೇಕು. ತಲೆ ತಗ್ಗಿಸಿ ನೋಡಿದಾಗ ಮಂಡಿಯೂ ಕಾಲ್ಬೆರಳ ತುದಿಯೂ ಒಂದೇ ಗೆರೆಗೆ ಬರಬೇಕು. ಮೂರರಲ್ಲಿ ಎರಡು ಪಾಲು ಭಾರ ಮುಂದಿನ ಕಾಲಿಗೆ. ಹಿಂದಿನ ಪಾದ ಸುಮಾರು 30 ಡಿಗ್ರಿ ಹೊರಕ್ಕೆ, ಅಷ್ಟೇ.

ಆ 30 ಡಿಗ್ರಿ ಹತ್ತಿರವೇ ಎಲ್ಲ ಕೆಡೋದು. ಬ್ಯಾಲೆನ್ಸ್ ಸಿಗಲಿ ಅಂತ ಮಕ್ಕಳು ಹಿಂದಿನ ಪಾದವನ್ನ ಪೂರ್ತಿ ಅಡ್ಡ ತಿರುಗಿಸ್ತಾರೆ. ಆಗ ಸೊಂಟ ಎದುರಿಗೆ ತಿರುಗೋದಿಲ್ಲ. ಸೊಂಟ ತಿರುಗದೆ ಹೊಡೆದ ಪಂಚ್‌ನಲ್ಲಿ ಬರೀ ಭುಜದ ಬಲ ಇರುತ್ತೆ. ಬಲವಂತವಾಗಿ ಸೊಂಟ ತಿರುಗಿಸಿದರೆ ಆ ತಿರುಚು ಮಂಡಿಗೆ ಬೀಳುತ್ತೆ, ಇಲ್ಲಾ ಹಿಮ್ಮಡಿ ಮೇಲೇಳುತ್ತೆ. ಇನ್ನೊಂದು ತಪ್ಪು, ಎರಡೂ ಪಾದವನ್ನ ಹಗ್ಗದ ಮೇಲೆ ನಿಂತ ಹಾಗೆ ಒಂದೇ ಗೆರೆ ಮೇಲೆ ಇಡೋದು. ಅಡ್ಡಕ್ಕೆ ಒಂದು ಮುಷ್ಟಿಯಷ್ಟು ಜಾಗ ಬಿಡಿ, ತೂರಾಟ ನಿಲ್ಲುತ್ತೆ.

18ರಲ್ಲಿ 5, 6, 11, 12, 17, 18 ಆಪ್ ಕುಬಿಯಲ್ಲಿ. ಉಳಿದ ಹನ್ನೆರಡೂ ಆಪ್ ಸೊಗಿಯಲ್ಲಿ. ಅಕ್ಕಪಕ್ಕಕ್ಕೆ ಹೋಗುವಾಗ ಗಿಡ್ಡ, ನಡುಗೆರೆ ಮೇಲೆ ಬಂದಾಗ ಉದ್ದ. ಹೀಗೆ ಬದಲಾಯಿಸೋದನ್ನ ಕಲಿಸೋಕೇ ಈ ಪೂಮ್ಸೆ ಕಟ್ಟಿದ್ದಾರೆ ಅನ್ನೋದು ನನ್ನ ನಂಬಿಕೆ. ಎಲ್ಲವನ್ನೂ ಅರ್ಧಂಬರ್ಧ ಉದ್ದಕ್ಕೆ ಮಾಡಿದರೆ ನೋಡೋಕೆ ಜೋರಾಗಿ ಕಾಣಬಹುದು. ಆದರೆ ಪೂಮ್ಸೆ ಸ್ಪರ್ಧೆಯಲ್ಲಿ 10ಕ್ಕೆ 4 ಅಂಕ ನಿಖರತೆಗೇ ಮೀಸಲು. ಸಣ್ಣ ತಪ್ಪಿಗೆ 0.1, ದೊಡ್ಡದಕ್ಕೆ 0.3 ಕಳೀತಾರೆ.

ಯೂಟ್ಯೂಬ್ ನೋಡಿ ಕಲಿಯೋರಿಗೆ ಒಂದು ಎಚ್ಚರಿಕೆ. 1966ರಲ್ಲಿ ಜನರಲ್ ಚೋಯ್ ಹಾಂಗ್ ಹಿ ಕಟ್ಟಿದ ಐಟಿಎಫ್ (ಅಂತರರಾಷ್ಟ್ರೀಯ ಟೇಕ್ವಾಂಡೊ ಒಕ್ಕೂಟ) ಸಂಸ್ಥೆಯ ಪದ್ಧತಿಯಲ್ಲಿ ಪೂಮ್ಸೆ ಇಲ್ಲ, ಅದರ ಜಾಗದಲ್ಲಿ 24 ತುಲ್ ಇವೆ. ಶುರುವಿನದು 19 ಚಲನೆಯ ಚೋನ್ ಜಿ. ಅಲ್ಲಿ 'ವಾಕಿಂಗ್ ಸ್ಟಾನ್ಸ್' ಅಂದರೆ ಉದ್ದದ್ದು: ಒಂದೂವರೆ ಭುಜದಗಲ ಉದ್ದ, ಒಂದು ಭುಜದಗಲ ಅಡ್ಡ, ಮುಂದಿನ ಮಂಡಿ ಬಾಗಿರುತ್ತೆ. ನಮ್ಮದು ಕೊರಿಯಾದ ಕುಕ್ಕಿವಾನ್ ಸಂಸ್ಥೆಯ ಪದ್ಧತಿ, ಇದರಲ್ಲಿ ಅದೇ ಹೆಸರಲ್ಲಿ ಕರೆಯೋದು ಗಿಡ್ಡ ಆಪ್ ಸೊಗಿಯನ್ನ. ಎರಡೂ ಒಳ್ಳೆಯ ಪದ್ಧತಿಗಳೇ. ವಿಡಿಯೊ ಯಾವ ಪದ್ಧತಿಯದು ಅಂತ ನೋಡದೆ ಕಾಲಿಟ್ಟರೆ ಎರಡೂ ಕೆಡುತ್ತೆ.

ಮುಂದಿನ ಪೂಮ್ಸೆಗಳಲ್ಲಿ ಇದು ಇನ್ನೂ ಬಿಗಿಯಾಗುತ್ತೆ. ಮೂರನೆಯದರಲ್ಲಿ ದ್ವಿತ್ ಕುಬಿ, ಅಂದರೆ ಹಿಂಗಾಲಿನ ನಿಲುವು ಬರುತ್ತೆ, ಭಾರ ಹಿಂದೆ ಶೇಕಡ 70, ಮುಂದೆ 30. ಏಳನೆಯದರಲ್ಲಿ ಬೊಮ್ ಸೊಗಿ, ಅಂದರೆ ಹುಲಿ ನಿಲುವು. ಭಾರವೆಲ್ಲ ಹೆಚ್ಚುಕಡಿಮೆ ಹಿಂಗಾಲಿಗೆ. ಮೈ ಅಲುಗದ ಹಾಗೆ ಮುಂಗಾಲು ಎತ್ತಿ ನೋಡಿ. ಎತ್ತೋಕಾಗದಿದ್ದರೆ ಭಾರ ಮುಂದಕ್ಕೆ ಬಿದ್ದಿದೆ.

ಮನೇಲಿ ಮಾಡೋ ಅಭ್ಯಾಸ ಹೇಳ್ತೀನಿ. ಶುರು ಮಾಡೋ ಜಾಗದಲ್ಲಿ ಚಾಕ್‌ಪೀಸಲ್ಲಿ ಗುರುತು ಹಾಕಿ. ಕೈ ಸೊಂಟದ ಮೇಲಿಟ್ಟು, ಬರೀ ಕಾಲಲ್ಲಿ ಇಡೀ ಪೂಮ್ಸೆ ನಿಧಾನಕ್ಕೆ ನಡೀರಿ. ಮುಂದಕ್ಕೆ ಹೋಗೋ ಉದ್ದ ಹೆಜ್ಜೆ 5 ಮತ್ತು 11ರಲ್ಲಿ, ವಾಪಸ್ ಬರೋದು 17 ಮತ್ತು 18ರಲ್ಲಿ. ಕೊನೇ ಪಂಚ್ ಜೊತೆಗೆ ಕಿಹಾಪ್ (ಜೋರಾದ ಕೂಗು) ಹಾಕೋ ಹುಮ್ಮಸ್ಸಿನಲ್ಲಿ ಕೊನೇ ಹೆಜ್ಜೆಯನ್ನ ಹಿಗ್ಗಿಸೋರೇ ಜಾಸ್ತಿ. 18 ಮುಗಿಸಿ ತಿರುಗಿ ನಿಂತ ಮೇಲೆ ಗುರುತು ನೋಡಿ. ಅದನ್ನ ದಾಟಿ ಬಂದಿದ್ದರೆ ವಾಪಸ್ ಬರುವಾಗ ಹೆಜ್ಜೆ ಉದ್ದವಾಗಿದೆ. ಗುರುತು ಇನ್ನೂ ಆಚೆಯೇ ಉಳಿದಿದ್ದರೆ ಅವೇ ಹೆಜ್ಜೆ ಗಿಡ್ಡವಾಗಿದೆ. ಮೂರು ಸಲ ಸತತವಾಗಿ ಗುರುತಿನ ಮೇಲೆ ಬಂದು ನಿಂತರೆ, ಆಮೇಲೆ ಕೈ ಸೇರಿಸಿ.