ಚಕಮಕಿ ಕೋವಿಗೆ ಈಡು ತುಂಬಲು ಎಷ್ಟು ಸಾಮಾನು ಬೇಕು?

ಮೇಜಿನ ಮೇಲಿರುವುದು ಇಷ್ಟೇ. ಮದ್ದಿನ ಕೊಂಬು, ಅಳತೆಯ ಕೊಳವೆ, ಸೀಸದ ಗುಂಡುಗಳು, ಹತ್ತಿ ಬಟ್ಟೆಯ ಪಟ್ಟಿ, ಚಾಕು, ಒಂದು ತಂತಿ, ಇನ್ನೊಂದು ಚಕಮಕಿ ಕಲ್ಲು. ಗುಂಡು ತಳ್ಳುವ ಕೋಲು, ಅಂದರೆ ಗಜ, ಕೋವಿಯಲ್ಲೇ ಇದೆ. ಕಿಡಿ ಬೀಳುವ ಪಕ್ಕದ ಪುಟ್ಟ ಬಟ್ಟಲಿಗೆಂದು ನುಣ್ಣನೆಯ 4ಎಫ್ ಮದ್ದನ್ನು ಬೇರೆ ಕೊಂಬಿನಲ್ಲಿ ಒಯ್ಯುವವರಿದ್ದಾರೆ (ಎಫ್ ಹೆಚ್ಚಿದಷ್ಟೂ ಕಾಳು ಸಣ್ಣದು). ಅಗತ್ಯವಿಲ್ಲ, 3ಎಫ್ ಒಂದರಲ್ಲೇ ಎರಡೂ ಕೆಲಸ ಆಗುತ್ತದೆ. ಆದರೆ ಅದು ಅಸಲಿ ಕಪ್ಪು ಮದ್ದೇ ಆಗಿರಬೇಕು. ಬದಲಿ ಪುಡಿಗಳು ಇಷ್ಟು ಸಣ್ಣ ಕಿಡಿಗೆ ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ಹೊಗೆ ಬರದ ಆಧುನಿಕ ಮದ್ದು ಹಾಕಿದರಂತೂ ನಳಿಗೆಯೇ ಸಿಡಿಯುತ್ತದೆ.

ಇದು .50 ಕ್ಯಾಲಿಬರ್ ರೈಫಲ್, ಅಂದರೆ ನಳಿಗೆಯ ಒಳವ್ಯಾಸ ಅರ್ಧ ಇಂಚು. ಮೊದಲು ಗಜ ಇಳಿಸಿ, ನಳಿಗೆ ಖಾಲಿಯೇ ನೋಡಿ. ಬಟ್ಟಲು ಖಾಲಿ, ಅದರ ಉಕ್ಕಿನ ಮುಚ್ಚಳ ತೆರೆದಿರಲಿ, ಕಲ್ಲು ಹಿಡಿದಿರುವ ಕುದುರೆ ಕೆಳಗಿರಲಿ. ಕೋವಿಯ ಬಾಯಿ ನಿಮ್ಮ ಮುಖದಿಂದ ದೂರ.

ಅಳತೆಯಲ್ಲಿ 60 ಗ್ರೇನ್, ಅಂದರೆ ಸುಮಾರು 4 ಗ್ರಾಂ ಮದ್ದು. ತಯಾರಕರು ಹೇಳಿದ ಮಿತಿ ದಾಟಬೇಡಿ. ಕೊಂಬಿನಿಂದ ನೇರವಾಗಿ ನಳಿಗೆಗೆ ಎಂದಿಗೂ ಸುರಿಯಬಾರದು. ಒಳಗೆ ಹಿಂದಿನ ಈಡಿನ ಒಂದು ಕೆಂಡ ಉಳಿದಿದ್ದರೂ ಇಡೀ ಕೊಂಬು ಕೈಯಲ್ಲೇ ಸಿಡಿಯುತ್ತದೆ.

ಬಟ್ಟೆ 0.015 ಇಂಚು ದಪ್ಪ, ಗುಂಡು 0.490 ಇಂಚು. ತಕ್ಷಣ ಹೊಡೆಯುವುದಾದರೆ ಬಟ್ಟೆಗೆ ಎಂಜಲು ಸಾಕು. ಈಡು ತುಂಬಿಟ್ಟುಕೊಂಡು ಕಾಯುವುದಾದರೆ ಕೊಬ್ಬು ಸವರಿ, ಎಂಜಲಿನ ತೇವಕ್ಕೆ ಮದ್ದು ಮೆತ್ತಗಾಗುತ್ತದೆ. ಬಟ್ಟೆಯನ್ನು ನಳಿಗೆಯ ಬಾಯಿಗೆ ಹಾಸಿ, ಅದರ ಮೇಲೆ ಗುಂಡಿಟ್ಟು ಬಾಯಿಯ ಮಟ್ಟಕ್ಕೆ ಒತ್ತಿ, ಮೇಲೆ ಉಳಿದ ಬಟ್ಟೆಯನ್ನು ಹಿಡಿದು ಚಾಕುವಿನಿಂದ ಕತ್ತರಿಸಿ. ಗಜವನ್ನು ಗೇಣುದ್ದಕ್ಕೆ ಹಿಡಿದು ಸ್ವಲ್ಪ ಸ್ವಲ್ಪವೇ ತಳ್ಳಿ. ಮೇಲ್ತುದಿ ಹಿಡಿದು ಒತ್ತಿದರೆ ಮರದ ಗಜ ಓರೆಯಾಗಿ ಮುರಿದು ಅಂಗೈಗೆ ಚುಚ್ಚುತ್ತದೆ. ಗುಂಡು ಮದ್ದಿನ ಮೇಲೆ ಕೂತಾಗ ಗಜದ ಮೇಲೆ ಮೊದಲೇ ಗುರುತು ಮಾಡಿಟ್ಟ ಗೆರೆ ಬಾಯಿಗೆ ಸಮನಾಗಬೇಕು. ನಡುವೆ ಜಾಗ ಉಳಿದರೆ ನಳಿಗೆ ಉಬ್ಬಬಹುದು.

ಇನ್ನು ಬಟ್ಟಲು. ಬಹುಪಾಲು ಈಡುಗಳು ಕೆಡುವುದು ಇಲ್ಲೇ. ನಳಿಗೆಯ ಪಕ್ಕದ ಕಿರು ತೂತಿಗೆ ತಂತಿ ಹಾಕಿ ಬಿಡಿಸಿ. ಬಟ್ಟಲಿಗೆ ಮೂರನೇ ಒಂದು ಭಾಗ ಮದ್ದು ಸಾಕು. ಅದು ತೂತನ್ನು ಮುಚ್ಚಬಾರದು. ಜ್ವಾಲೆ ತೂತಿನೊಳಗೆ ಹಾರಬೇಕು. ತೂತಿನಲ್ಲಿ ಮದ್ದು ತುಂಬಿದ್ದರೆ ಅದು ಬತ್ತಿಯಂತೆ ಒಂದೊಂದೇ ಕಾಳಾಗಿ ಉರಿದು ಈಡು ತಡವಾಗುತ್ತದೆ. ಅಷ್ಟರಲ್ಲಿ ಗುರಿ ತಪ್ಪಿರುತ್ತದೆ. ಹೊಡೆದ ಮೇಲೂ ಕೋವಿಯನ್ನು ಕ್ಷಣಕಾಲ ಅಲುಗಿಸದೆ ಹಿಡಿದಿರಿ.

ಕಲ್ಲನ್ನು ಚರ್ಮದ ತುಂಡಿನಲ್ಲಿ ಸುತ್ತಿ ಬಿಗಿದಿರಬೇಕು, ಅದರ ಇಡೀ ಅಂಚು ಮುಚ್ಚಳದ ಉಕ್ಕಿಗೆ ಸಮನಾಗಿ ತಾಗಬೇಕು. ಕಿಡಿ ಬರದಿದ್ದರೆ ಮೊದಲು ಉಕ್ಕಿನ ಮೇಲಿನ ಎಣ್ಣೆ, ಮಸಿ ಒರೆಸಿ. ಎಷ್ಟೋ ಸಲ ಕಲ್ಲಿನಲ್ಲಿ ದೋಷವೇ ಇರುವುದಿಲ್ಲ. ನಿಜಕ್ಕೂ ಮೊಂಡಾಗಿದ್ದರೆ, ನಳಿಗೆ ಖಾಲಿ ಇರುವಾಗ ಚಾಕುವಿನ ಬೆನ್ನಿನಿಂದ ಅಂಚಿಗೆ ತಟ್ಟಿ ಸಣ್ಣ ಚಕ್ಕೆ ಎಬ್ಬಿಸಿ. ಕನ್ನಡಕ ಕಣ್ಣಿನ ಮೇಲಿರಲಿ.

ಬಟ್ಟಲು ಮಾತ್ರ ಉರಿದು ಈಡು ಹಾರಲಿಲ್ಲವೇ? ಕನಿಷ್ಠ ಒಂದು ನಿಮಿಷ ಕೋವಿ ಗುರಿಯತ್ತಲೇ ಇರಲಿ. ಆಮೇಲೆ ತೂತು ಬಿಡಿಸಿ, ಬಟ್ಟಲಿಗೆ ಹೊಸ ಮದ್ದು ಹಾಕಿ. ಮದ್ದು ಹಾಕದೆಯೇ ಗುಂಡು ಇಳಿಸಿದ್ದರೆ, ತೂತಿನ ಮೂಲಕ ತಂತಿಯಿಂದ ಕೆಲವು ಕಾಳು ಮದ್ದು ತಳ್ಳಿ, ಗುಂಡನ್ನು ಗಜದಿಂದ ಮತ್ತೊಮ್ಮೆ ಕೂರಿಸಿ, ಹೊಡೆದು ಹೊರಹಾಕಬಹುದು.

ಹೊಡೆದ ಮೇಲೆ ಮುಂದೆ ಬಿದ್ದ ಬಟ್ಟೆಯನ್ನು ಹೆಕ್ಕಿ ನೋಡಿ. ಇಡಿಯಾಗಿ ಉಳಿದು ಕಪ್ಪಾಗಿದ್ದರೆ ಸರಿ. ಚಿಂದಿಯಾಗಿದ್ದರೆ ಬಟ್ಟೆ ತೆಳುವಾಯಿತು, ಇಲ್ಲವೇ ನಳಿಗೆಯ ಬಾಯಿಯ ಅಂಚು ಹರಿತವಿದೆ. ಗುಂಡು ಇಳಿಸಲು ಬಿಗಿಯಾಗತೊಡಗಿದರೆ ಕೇವಲ ತೇವದ ಬಟ್ಟೆಯಿಂದ ಒರೆಸಿ. ಒದ್ದೆ ಹೆಚ್ಚಾದರೆ ಮಸಿ ಕೆಸರಾಗಿ ತೂತಿನತ್ತ ಸೇರಿಕೊಳ್ಳುತ್ತದೆ. ಆ ಮಸಿ ಗಾಳಿಯ ತೇವ ಹೀರಿ ತುಕ್ಕು ಹಿಡಿಸುವುದರಿಂದ ಅದೇ ದಿನ ನೀರಿನಿಂದ ತೊಳೆದು, ಒಣಗಿಸಿ, ತೆಳುವಾಗಿ ಎಣ್ಣೆ ಸವರಿ.